ಮುಖವಿಲ್ಲದ ಮುಖಪುಟಗಳು

ನಮ್ಮ ಕಡೆ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಹೊಕ್ಕು ನೋಡಿ, ಒಣಗಲು ಹಾಕಿದ ಬಟ್ಟೆಗಳ ನಡುವೆ ಆ ಕಪ್ಪು ಟೀ ಶರ್ಟ್ ಒಂದಾದರೂ ಸಿಕ್ಕೇ ಸಿಗುತ್ತದೆ. ನಡುವೆ ಒಂದು ತ್ರಿಕೋನ, ಎಡಗಡೆಯಿಂದ ಒಂದು ಬಿಳಿ ಗೆರೆ, ಬಲಗಡೆಗೆ ಕಾಮನಬಿಲ್ಲಿನ ಬಣ್ಣಗಳು. ಹಾಕಿಕೊಂಡವನನ್ನು ಕೇಳಿದರೆ "ಪಿಂಕ್ ಫ್ಲಾಯ್ಡ್ ಮಗಾ" ಅಂತಾನೆ. ಸರಿ, ಆ ಬ್ಯಾಂಡಿನಲ್ಲಿ ಯಾರ್ಯಾರಿದ್ದರು, ನೋಡೋಕೆ ಹೇಗಿದ್ದರು ಅಂತ ಕೇಳಿ ನೋಡಿ... ತಲೆ ಕೆರೆದುಕೊಳ್ಳುತ್ತಾನೆ. ಬೀಟಲ್ಸ್‌ನ ನಾಲ್ಕು ಮುಖ ಹಾಡು ಕೇಳದವರಿಗೂ ಗೊತ್ತು. ಎಲ್ವಿಸ್‌ನ ಕ್ರಾಪು, ಮೈಕಲ್ ಜಾಕ್ಸನ್‌ನ ಟೋಪಿ ಗೊತ್ತು. ಕೋಟಿಗಟ್ಟಲೆ ರೆಕಾರ್ಡು ಮಾರಿದ ಪಿಂಕ್ ಫ್ಲಾಯ್ಡ್‌ನವರ ಮುಖ ಮಾತ್ರ ಗೊತ್ತಿಲ್ಲ!

ಇದು ಆಕಸ್ಮಿಕ ಅಲ್ಲ ಅನ್ನೋದೇ ಈ ಬರಹದ ವಿಷಯ. ಅವರ ಆಲ್ಬಂ ಕವರುಗಳನ್ನು ವರ್ಷದ ಪ್ರಕಾರ ಸಾಲಾಗಿ ಇಟ್ಟು ನೋಡಿದರೆ ಒಂದು ಕಥೆ ಕಾಣುತ್ತದೆ. ಮೊದಲು ಮುಖ ಹೋಯಿತು, ಆಮೇಲೆ ಹೆಸರು ಹೋಯಿತು, ಕೊನೆಗೆ ಕವರೇ ಮರೆಯಾಯಿತು. ಹೀಗೆ ಒಂದೊಂದನ್ನೇ ಕಳೆಯುತ್ತಾ ಹೋದವರಿಗೆ ಇಪ್ಪತ್ತು ವರ್ಷದ ನಂತರ ಅದಕ್ಕೆ ಕೋರ್ಟಿನಲ್ಲಿ ಬೆಲೆ ಕಟ್ಟಬೇಕಾಗಿ ಬಂತು. ಅಲ್ಲಿಗೆ ನಿಧಾನವಾಗಿ ಬರೋಣ.

ಮೊದಲು ಸ್ವಲ್ಪ ಹಿನ್ನೆಲೆ. ಗ್ರಾಮಫೋನ್ ರೆಕಾರ್ಡುಗಳು ಬಂದ ಕಾಲದಲ್ಲಿ ಅವಕ್ಕೆ ಚಿತ್ರದ ಕವರೇ ಇರಲಿಲ್ಲ. ದಪ್ಪ ಕಂದು ಕಾಗದದ ಚೀಲ, ನಡುವೆ ಲೇಬಲ್ ಕಾಣಲಿ ಅಂತ ಒಂದು ತೂತು, ಅಷ್ಟೆ. 1940ರಲ್ಲಿ ಅಮೆರಿಕದ ಕೊಲಂಬಿಯಾ ರೆಕಾರ್ಡ್ಸ್‌ನ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವಕ, ಕವರಿನ ಮೇಲೆ ಚಿತ್ರ ಹಾಕಿದರೆ ಹೆಚ್ಚು ಮಾರಾಟವಾಗಬಹುದು ಅಂತ ಕಂಪನಿಯನ್ನು ಒಪ್ಪಿಸಿದ. 1948ರಲ್ಲಿ ಎಲ್.ಪಿ. ಬಂದಾಗ ಚಿತ್ರಕ್ಕೆ ಸುಮಾರು 31 ಸೆಂಟಿಮೀಟರ್ ಚೌಕದ ಜಾಗ ಸಿಕ್ಕಿತು. ಆ ಜಾಗದಲ್ಲಿ ಏನು ಹಾಕಬೇಕು ಅನ್ನೋದರಲ್ಲಿ ಕಂಪನಿಗಳಿಗೆ ಅನುಮಾನವೇ ಇರಲಿಲ್ಲ: ಹಾಡುವವರ ನಗುಮುಖ, ದಪ್ಪ ಅಕ್ಷರದಲ್ಲಿ ಹೆಸರು. ನಮ್ಮ ಮನೆಗಳ ಅಟ್ಟದ ಮೇಲೆ ಧೂಳು ಹಿಡಿದಿರುವ ಹಳೆಯ ಕನ್ನಡ ಸಿನಿಮಾ ರೆಕಾರ್ಡುಗಳನ್ನು ತೆಗೆದು ನೋಡಿ, ನಾಯಕ ನಾಯಕಿಯರ ಮುಖವೇ ಇರುತ್ತದೆ. ಅಂದಹಾಗೆ, ನಾಯಿ ಗುರುತಿನ ಎಚ್.ಎಂ.ವಿ. ರೆಕಾರ್ಡುಗಳೂ ಪಿಂಕ್ ಫ್ಲಾಯ್ಡ್ ಹಾಡಿದ ಇ.ಎಂ.ಐ. ಕಂಪನಿಯೂ ಒಂದೇ ಬಳಗ. ಅಂದರೆ ನಮ್ಮ ಅಜ್ಜಂದಿರ ಗ್ರಾಮಫೋನಿಗೂ ಈ ಕಥೆಗೂ ದೂರದ ನೆಂಟಸ್ತನ ಇದೆ ಅನ್ನಿ :)

ಈಗ ಲಂಡನ್ನಿಗೆ ಹೋಗೋಣ. 1960ರ ದಶಕದ ಮೊದಲ ವರ್ಷಗಳಲ್ಲಿ ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ಮೂವರು ಹುಡುಗರು ಆರ್ಕಿಟೆಕ್ಚರ್ ಓದಲು ಸೇರಿದ್ದರು: ರೋಜರ್ ವಾಟರ್ಸ್, ನಿಕ್ ಮೇಸನ್, ರಿಚರ್ಡ್ ರೈಟ್. ಕಟ್ಟಡ ಕಟ್ಟುವುದು ಬಿಟ್ಟು ಬ್ಯಾಂಡ್ ಕಟ್ಟಿದರು. ವಾಟರ್ಸ್‌ನ ಊರು ಕೇಂಬ್ರಿಡ್ಜ್. ಅಲ್ಲಿಂದಲೇ ಬಂದ ಸಿಡ್ ಬ್ಯಾರೆಟ್ ಹಾಡು ಬರೆಯುವವನಾದ, ಹಾಡುವವನಾದ, ಗಿಟಾರ್ ನುಡಿಸುವವನೂ ಆದ. ನೋಡಲು ಸ್ಫುರದ್ರೂಪಿ. ಬ್ಯಾಂಡಿನ ಹೆಸರು ಇಟ್ಟವನೂ ಅವನೇ. ಒಟ್ಟಿನಲ್ಲಿ ಪಿಂಕ್ ಫ್ಲಾಯ್ಡ್‌ಗೆ ಒಂದು ಮುಖ ಅಂತ ಇದ್ದರೆ ಅದು ಸಿಡ್‌ನದು.

1967ರ ಆಗಸ್ಟ್‌ನಲ್ಲಿ ಬಂದ ಮೊದಲ ಆಲ್ಬಂ 'ದ ಪೈಪರ್ ಅಟ್ ದ ಗೇಟ್ಸ್ ಆಫ್ ಡಾನ್'. ಇದರ ಕವರ್ ಆ ಕಾಲದ ಪದ್ಧತಿಯಂತೆಯೇ ಇದೆ, ನಾಲ್ಕೂ ಜನರ ಫೋಟೋ. ಆದರೆ ಫೋಟೋ ತೆಗೆದ ವಿಕ್ ಸಿಂಗ್ ತನ್ನ ಕ್ಯಾಮೆರಾಗೆ ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಕೊಟ್ಟಿದ್ದ ಒಂದು ಪ್ರಿಸಮ್ ಲೆನ್ಸ್ ಹಾಕಿದ. ಅದರಿಂದ ಒಂದೊಂದು ಮುಖವೂ ಎರಡಾಗಿ, ಮೂರಾಗಿ ಒಂದರ ಮೇಲೊಂದು ಬಿದ್ದಿತು. ಮೊದಲ ಕವರಿನಲ್ಲೇ ಮುಖ ಇದ್ದೂ ಸರಿಯಾಗಿ ಇಲ್ಲ. ಪ್ರಿಸಮ್ ಮುಂದೆ ಇನ್ನೊಂದು ಸಲ ಬರಲಿದೆ, ನೆನಪಿಟ್ಟುಕೊಳ್ಳಿ.

ಅದೇ ವರ್ಷದ ಕೊನೆಯ ಹೊತ್ತಿಗೆ ಸಿಡ್‌ನ ಮನಸ್ಸು ಹದಗೆಟ್ಟಿತ್ತು. ಡ್ರಗ್ಸ್ ಒಂದು ಕಡೆ, ದಿಢೀರ್ ಪ್ರಸಿದ್ಧಿಯ ಒತ್ತಡ ಇನ್ನೊಂದು ಕಡೆ. ವೇದಿಕೆಯ ಮೇಲೆ ಸುಮ್ಮನೆ ನಿಂತುಬಿಡುತ್ತಿದ್ದ. ಕೇಂಬ್ರಿಡ್ಜ್‌ನ ಇನ್ನೊಬ್ಬ ಗೆಳೆಯ ಡೇವಿಡ್ ಗಿಲ್ಮೋರ್‌ನನ್ನು ಕರೆದುಕೊಂಡರು. 1968ರ ಏಪ್ರಿಲ್‌ನಲ್ಲಿ ಸಿಡ್ ಬ್ಯಾಂಡಿನಲ್ಲಿ ಇಲ್ಲ ಎಂದು ಪ್ರಕಟವಾಯಿತು.

ಒಂದು ಬ್ಯಾಂಡಿನ ಮುಖವೇ ಹೋದ ಮೇಲೆ ಮುಂದಿನ ಕವರಿನ ಮೇಲೆ ಏನು ಹಾಕುವುದು? ಇಲ್ಲಿ ನಮ್ಮ ಕಥೆಯ ನಾಯಕರು ಬರುತ್ತಾರೆ. ಸ್ಟಾರ್ಮ್ ಥಾರ್ಗರ್‌ಸನ್ ಕೂಡ ಕೇಂಬ್ರಿಡ್ಜ್‌ನ ಹುಡುಗ, ಸಿಡ್ ಮತ್ತು ವಾಟರ್ಸ್ ಓದಿದ ಶಾಲೆಯವನೇ. ಆಗ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಸಿನಿಮಾ ಓದುತ್ತಿದ್ದ. ಅವನ ಜೊತೆಗಾರ ಆಬ್ರಿ ಪೊವೆಲ್, ಎಲ್ಲರೂ 'ಪೋ' ಅಂತಲೇ ಕರೆಯುತ್ತಿದ್ದರು. ಇಬ್ಬರೂ ಸೇರಿ ಕಟ್ಟಿದ ಸಂಸ್ಥೆಯ ಹೆಸರು ಹಿಪ್ನೋಸಿಸ್. ಸಮ್ಮೋಹನ ಅಂತ ಕೇಳಿಸುತ್ತದೆ, ಆದರೆ ಸ್ಪೆಲ್ಲಿಂಗ್ ಬೇರೆ. ಹೊಸ ಕಾಲದ ಸ್ಟೈಲಿಗೆ 'ಹಿಪ್', ಹಳೆಯ ಗ್ರೀಕ್ ಜ್ಞಾನಕ್ಕೆ 'ನೋಸಿಸ್', ಎರಡನ್ನೂ ಬೆಸೆದದ್ದು. ಅವರು ಮಾಡಿದ ಮೊದಲ ಕವರೇ 1968ರ ಜೂನ್‌ನಲ್ಲಿ ಬಂದ 'ಎ ಸಾಸರ್‌ಫುಲ್ ಆಫ್ ಸೀಕ್ರೆಟ್ಸ್'. ಗ್ರಹಗಳು, ರಾಶಿಚಕ್ರ, ಮಾರ್ವೆಲ್ ಕಾಮಿಕ್ಸ್‌ನ ಡಾಕ್ಟರ್ ಸ್ಟ್ರೇಂಜ್ ಎಲ್ಲವನ್ನೂ ಒಂದರೊಳಗೊಂದು ಕಲಸಿದ ಚಿತ್ರ. ಬ್ಯಾಂಡಿನವರು ಎಲ್ಲಿ? ಕಣ್ಣು ಕಿರಿದು ಮಾಡಿ ಹುಡುಕಿದರೆ ಒಂದು ಪುಟ್ಟ ವೃತ್ತದೊಳಗೆ ಸಿಗುತ್ತಾರೆ.

1969ರ 'ಉಮ್ಮಗುಮ್ಮ' ನನ್ನಂಥ ಪ್ರೋಗ್ರಾಮರುಗಳಿಗೆ ಪ್ರಿಯವಾದದ್ದು. ಒಬ್ಬ ಬಾಗಿಲ ಬಳಿ ಕೂತಿದ್ದಾನೆ, ಉಳಿದ ಮೂವರು ಹಿಂದೆ ತೋಟದಲ್ಲಿದ್ದಾರೆ, ಗೋಡೆಯ ಮೇಲೆ ಒಂದು ಚಿತ್ರ ನೇತುಹಾಕಿದೆ. ಆ ಚಿತ್ರದಲ್ಲಿ ಅದೇ ಬಾಗಿಲು, ಅದೇ ತೋಟ, ಆದರೆ ಕೂತವನು ಬೇರೆ. ಅದರೊಳಗಿನ ಗೋಡೆಯಲ್ಲಿ ಮತ್ತೊಂದು ಚಿತ್ರ, ಅಲ್ಲಿ ಮತ್ತೊಬ್ಬ... ಶುದ್ಧ ರಿಕರ್ಷನ್! ರಿಕರ್ಷನ್ ಅಂದ ಮೇಲೆ ಎಲ್ಲೋ ಒಂದು ಕಡೆ ನಿಲ್ಲಬೇಕಲ್ಲ? ಕಟ್ಟಕಡೆಯ ಪುಟ್ಟ ಚೌಕಟ್ಟಿನಲ್ಲಿ ಇರುವುದು ಹಿಂದಿನ ಆಲ್ಬಂ 'ಸಾಸರ್‌ಫುಲ್'ನ ಕವರ್. ನಾಲ್ವರೂ ಸರದಿಯ ಮೇಲೆ ಜಾಗ ಬದಲಿಸುತ್ತಾರೆ, ಯಾರೂ ಮುಖ್ಯರಲ್ಲ. ಸಿಡ್ ಇದ್ದಾಗ ಇದು ಸಾಧ್ಯವಿತ್ತೇ ಅನ್ನುವುದು ನನ್ನ ಅನುಮಾನ. ಅದೇನೇ ಇರಲಿ, ಇದಾದ ಮೇಲೆ ಪಿಂಕ್ ಫ್ಲಾಯ್ಡ್‌ನ ಯಾವ ಹೊಸ ಆಲ್ಬಂನ ಮುಂಬದಿಯಲ್ಲೂ ಅವರ ಮುಖ ಬರಲಿಲ್ಲ.

1970ರ ಅಕ್ಟೋಬರ್‌ನಲ್ಲಿ ಬಂತು 'ಆಟಂ ಹಾರ್ಟ್ ಮದರ್'. ಕವರಿನ ಮೇಲೆ ಏನಿದೆ ಗೊತ್ತೇ? ಒಂದು ಹಸು. ಹೌದು, ಹಸಿರು ಹುಲ್ಲಿನ ಮೇಲೆ ನಿಂತು ಹಿಂತಿರುಗಿ ನಮ್ಮನ್ನೇ ನೋಡುತ್ತಿರುವ ಕಪ್ಪು ಬಿಳುಪಿನ ಹಸು. ಬ್ಯಾಂಡಿನ ಹೆಸರಿಲ್ಲ, ಆಲ್ಬಂ ಹೆಸರಿಲ್ಲ, ಒಂದಕ್ಷರವೂ ಇಲ್ಲ. ಲಂಡನ್ನಿನ ಉತ್ತರಕ್ಕೆ ಪಾಟರ್ಸ್ ಬಾರ್ ಎಂಬ ಊರಿನ ಬಳಿಯ ಹೊಲದಲ್ಲಿ ಸ್ಟಾರ್ಮ್ ತೆಗೆದ ಫೋಟೋ. ಹಸುವಿನ ಹೆಸರು ಮೂರನೇ ಲುಲುಬೆಲ್. ವಿಚಿತ್ರ ಕಸರತ್ತಿನ ಸೈಕೆಡೆಲಿಕ್ ಚಿತ್ರಗಳು ಆ ಹೊತ್ತಿಗೆ ಎಲ್ಲರ ಕವರಿನ ಮೇಲೂ ಬಂದಿದ್ದವು. ಹಾಗಾಗಿ ಬ್ಯಾಂಡಿನವರಿಗೆ ಅದರಿಂದ ಹೊರಗೆ ಬರಬೇಕಿತ್ತು, ಯಾವ ಅರ್ಥವೂ ಅಂಟಿಕೊಳ್ಳದ ಏನಾದರೂ ಬೇಕಿತ್ತು. ನಮ್ಮೂರಲ್ಲಾದರೆ ಹಸುವಿನ ಚಿತ್ರ ಕಂಡರೆ ಹಾಲಿನ ಡೈರಿಯ ಜಾಹೀರಾತೋ, ಗೋಪೂಜೆಯ ಕ್ಯಾಲೆಂಡರೋ ಅಂದುಕೊಳ್ಳುತ್ತಿದ್ದರು. ಲಂಡನ್ನಿನ ರೆಕಾರ್ಡ್ ಅಂಗಡಿಯಲ್ಲಿ ಅದು ಏನೂ ಅಲ್ಲ. ಏನೂ ಅಲ್ಲದ್ದೇ ಅದರ ಶಕ್ತಿಯಾಯಿತು. ಇ.ಎಂ.ಐ.ನ ಅಧಿಕಾರಿಗಳಿಗೆ ಇದು ಹಿಡಿಸಲಿಲ್ಲ, ಹೆಸರಿಲ್ಲದ ಸರಕನ್ನು ಮಾರುವುದು ಹೇಗೆ ಅನ್ನುವುದು ಅವರ ಚಿಂತೆ. ಆದರೆ ಪಿಂಕ್ ಫ್ಲಾಯ್ಡ್‌ನ ಆಲ್ಬಂ ಬ್ರಿಟನ್ನಿನಲ್ಲಿ ನಂಬರ್ ಒನ್ ಆದದ್ದು ಅದೇ ಮೊದಲು!

ಮುಂದೆ 1971ರ 'ಮೆಡಲ್'ನಲ್ಲಿ ನೀರಿನಡಿಯ ಒಂದು ಕಿವಿ. ಕವರ್ ಬಿಡಿಸಿದರೆ ಒಳಗೆ ನಾಲ್ವರ ಫೋಟೋ ಇದೆ. ಇದನ್ನೂ ನೆನಪಿಟ್ಟುಕೊಳ್ಳಿ, ಇಂಥ ಗುಂಪಿನ ಫೋಟೋ ಮತ್ತೆ ಬರಲು 16 ವರ್ಷ ಬೇಕಾಯಿತು.

ಈಗ ಆ ಟೀ ಶರ್ಟ್ ವಿಷಯಕ್ಕೆ ಬರೋಣ. 'ದ ಡಾರ್ಕ್ ಸೈಡ್ ಆಫ್ ದ ಮೂನ್', 1973ರ ಮಾರ್ಚ್. ಈ ಸಲ ಫೋಟೋ ಬೇಡ, ಸರಳವಾಗಿ, ಅಚ್ಚುಕಟ್ಟಾಗಿ ಏನಾದರೂ ಮಾಡಿ ಅಂದವನು ಕೀಬೋರ್ಡ್ ನುಡಿಸುವ ರಿಚರ್ಡ್ ರೈಟ್. ಪೋ ಮತ್ತು ಸ್ಟಾರ್ಮ್ ಒಂದು ಭೌತಶಾಸ್ತ್ರದ ಪುಸ್ತಕದಲ್ಲಿ ಪ್ರಿಸಮ್ ಮೂಲಕ ಬೆಳಕು ಒಡೆಯುವ ಚಿತ್ರ ನೋಡಿದ್ದರು. ಏಳು ಬೇರೆ ಬೇರೆ ಡಿಸೈನುಗಳನ್ನು ಹಿಡಿದುಕೊಂಡು ಅಬ್ಬೀ ರೋಡ್ ಸ್ಟುಡಿಯೋಗೆ ಹೋದರು. ನಾಲ್ವರೂ ನೋಡಿದರು, ಕೆಲವೇ ನಿಮಿಷಗಳಲ್ಲಿ ಪ್ರಿಸಮ್ ಕಡೆ ಕೈ ತೋರಿಸಿ ಮತ್ತೆ ರೆಕಾರ್ಡಿಂಗ್‌ಗೆ ಹೋದರು. ಚಿತ್ರ ಬರೆದವನು ಜಾರ್ಜ್ ಹಾರ್ಡಿ.

ಇದು ಕಪ್ಪು ಬಿಳುಪಿನ ರೇಖಾಗಣಿತದಷ್ಟು ಸರಳ ಅನ್ನಿಸಿದರೂ ಒಳಗೆ ಬಹಳ ಯೋಚನೆ ಇದೆ. ಪಿಂಕ್ ಫ್ಲಾಯ್ಡ್‌ನ ಕಾರ್ಯಕ್ರಮಗಳು ಬೆಳಕಿನ ಆಟಕ್ಕೆ ಹೆಸರಾಗಿದ್ದವು. ನೋಡಲು ಬಂದವರಿಗೆ ಬಣ್ಣದ ಬೆಳಕು ಕಾಣುತ್ತಿತ್ತು, ನುಡಿಸುವವರು ಕತ್ತಲಲ್ಲಿ ಇರುತ್ತಿದ್ದರು. ಕವರಿನಲ್ಲೂ ಅದೇ, ಕತ್ತಲ ನಡುವೆ ಬೆಳಕು. ಮಡಿಕೆ ಬಿಡಿಸಿದರೆ ಬಣ್ಣದ ಗೆರೆಗಳು ಒಳಪುಟದಲ್ಲಿ ಮುಂದುವರಿಯುತ್ತವೆ, ನಡುವೆ ಒಂದು ಕಡೆ ಇ.ಸಿ.ಜಿ.ಯ ಹಾಗೆ ಮೇಲೆ ಕೆಳಗೆ ಕುಣಿಯುತ್ತವೆ. ಆಲ್ಬಂ ಶುರುವಾಗುವುದೂ ಮುಗಿಯುವುದೂ ಹೃದಯ ಬಡಿತದ ಸದ್ದಿನಿಂದ, ಆ ಗೆರೆ ವಾಟರ್ಸ್‌ನ ಐಡಿಯಾ. ಹಿಂಬದಿಯಲ್ಲಿ ತಲೆಕೆಳಗಾದ ಇನ್ನೊಂದು ಪ್ರಿಸಮ್, ಬಣ್ಣಗಳು ಅಲ್ಲಿ ಮತ್ತೆ ಕೂಡಿ ಬಿಳಿ ಗೆರೆಯಾಗುತ್ತವೆ. ಹೀಗಾಗಿ ಅಂಗಡಿಯವನು ಕವರುಗಳನ್ನು ಬಿಡಿಸಿ ಪಕ್ಕಪಕ್ಕ ಜೋಡಿಸಿದರೆ ಬೆಳಕಿನ ಗೆರೆ ತುಂಡಾಗದೆ ಗೋಡೆಯುದ್ದಕ್ಕೂ ಹೋಗುತ್ತದೆ.

ಇನ್ನು ಎಂಜಿನಿಯರ್ ಬುದ್ಧಿ ಸುಮ್ಮನಿರುತ್ತದೆಯೇ, ತಪ್ಪು ಹುಡುಕಲು ಕೂತೆ! ಕೆಂಪು ಮೇಲೆ, ನೇರಳೆ ಕೆಳಗೆ. ಇದು ಸರಿ, ಕೆಂಪು ಕಡಿಮೆ ಬಾಗುತ್ತದೆ, ನೇರಳೆ ಹೆಚ್ಚು. ಆದರೆ ನಿಜವಾದ ಪ್ರಿಸಮ್‌ನಲ್ಲಿ ಬೆಳಕು ಗಾಜಿನೊಳಕ್ಕೆ ನುಗ್ಗಿದ ಕ್ಷಣದಿಂದಲೇ ಬಣ್ಣ ಬಣ್ಣವಾಗಿ ಅಗಲವಾಗುತ್ತದೆ, ಕವರಿನಲ್ಲಿ ಗಾಜಿನೊಳಗೆ ಬರೀ ಬಿಳಿ. ಹಿಂಬದಿಯಲ್ಲಿ ಅಷ್ಟು ದೂರ ಹರಡಿದ ಬಣ್ಣಗಳು ಒಂದೇ ಪ್ರಿಸಮ್‌ನಿಂದ ಕೂಡುವುದೂ ಆಗದ ಮಾತು, ನಡುವೆ ಒಂದು ಲೆನ್ಸ್ ಬೇಕು. ಇದೆಲ್ಲಕ್ಕಿಂತ ಮಜಾ ಇರುವುದು ಬಣ್ಣಗಳ ಲೆಕ್ಕದಲ್ಲಿ. ಎಣಿಸಿ ನೋಡಿ... ಆರೇ ಇವೆ! ಶಾಲೆಯಲ್ಲಿ ಬಾಯಿಪಾಠ ಮಾಡಿದ ವಿಬ್‌ಗಯಾರ್‌ನಲ್ಲಿ ನೇರಳೆಗೂ ನೀಲಿಗೂ ನಡುವಿನ ಇಂಡಿಗೋ ಕಾಣೆ.

ಇದು ತಪ್ಪೇ? ಏಳು ಬಣ್ಣ ಅಂತ ಹೇಳಿದವನು ಐಸಾಕ್ ನ್ಯೂಟನ್. ಅವನೂ ಕೇಂಬ್ರಿಡ್ಜ್‌ನವನೇ ನೋಡಿ, ಟ್ರಿನಿಟಿ ಕಾಲೇಜಿನಲ್ಲಿ ಇದ್ದವನು. ಕಾಮನಬಿಲ್ಲಿನಲ್ಲಿ ಗೆರೆ ಎಳೆದಂತೆ ಏಳು ಭಾಗ ಇರುವುದಿಲ್ಲ, ಒಂದು ಬಣ್ಣ ಇನ್ನೊಂದಕ್ಕೆ ಜಾರುತ್ತಾ ಹೋಗುತ್ತದೆ. ನ್ಯೂಟನ್ ಮೊದಲು ಐದೇ ಹೆಸರಿಸಿದ್ದ. ಆಮೇಲೆ ಕಿತ್ತಳೆಯನ್ನೂ ಇಂಡಿಗೋವನ್ನೂ ಸೇರಿಸಿ ಏಳು ಮಾಡಿದ. ಕಾರಣ ಸಂಗೀತ! ಸ್ವರಗಳು ಏಳು ಇರುವಾಗ ಬಣ್ಣಗಳೂ ಏಳಿರಬೇಕು ಅನ್ನುವ ಹೊಂದಾಣಿಕೆ ಅವನಿಗೆ ಬೇಕಿತ್ತು. 1704ರಲ್ಲಿ ಪ್ರಕಟವಾದ ಅವನ 'ಆಪ್ಟಿಕ್ಸ್' ಗ್ರಂಥದಲ್ಲಿ ಬಣ್ಣದ ಚಕ್ರವನ್ನು ಸ್ವರಗಳ ಅಂತರದ ಪ್ರಕಾರವೇ ಭಾಗ ಮಾಡಿದ್ದಾನೆ. ವಿಜ್ಞಾನಿಯೊಬ್ಬ ಸಂಗೀತಕ್ಕಾಗಿ ಸೇರಿಸಿದ ಬಣ್ಣವನ್ನು ಸಂಗೀತದವರೇ ಕಿತ್ತು ಹಾಕಿದರು. ಕಳೆಯುವುದೇ ಇವರ ಕೆಲಸ ಅಂದೆನಲ್ಲ.

ಆಲ್ಬಂ ಎಷ್ಟು ಓಡಿತು ಅನ್ನೋದು ಈಗ ಇತಿಹಾಸ. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 1973ರಿಂದ 1988ರ ತನಕ ಒಟ್ಟು 741 ವಾರ ಇತ್ತು. ಮೊದಲ ಸ್ಥಾನದಲ್ಲಿ ಇದ್ದದ್ದು ಒಂದೇ ವಾರ!

ಇಷ್ಟು ದುಡ್ಡು, ಇಷ್ಟು ಹೆಸರು ಬಂದ ಮೇಲೆ ಮುಂದೇನು ಅನ್ನುವ ಖಾಲಿತನ ಬಂತು. ಅದರಿಂದಲೇ ಹುಟ್ಟಿದ್ದು 1975ರ 'ವಿಶ್ ಯು ವರ್ ಹಿಯರ್'. ವಿಷಯವೇ ಇಲ್ಲದಿರುವಿಕೆ. ಜಾಗ ಬಿಟ್ಟು ಹೋದ ಸಿಡ್, ಜಾಗದಲ್ಲಿದ್ದೂ ಮನಸ್ಸಿಲ್ಲದ ಉಳಿದವರು. 1975ರ ಜೂನ್ 5ರಂದು ಅಬ್ಬೀ ರೋಡ್ ಸ್ಟುಡಿಯೋಗೆ ಒಬ್ಬ ದಪ್ಪನೆಯ ಮನುಷ್ಯ ಬಂದು ಕೂತ. ತಲೆ ಬೋಳು, ಹುಬ್ಬನ್ನೂ ಬೋಳಿಸಿಕೊಂಡಿದ್ದ. ಬ್ಯಾಂಡಿನವರಿಗೆ ಸ್ವಲ್ಪ ಹೊತ್ತು ಅವನು ಯಾರು ಅಂತಲೇ ತಿಳಿಯಲಿಲ್ಲ. ಅದು ಸಿಡ್. ಒಂದು ಕಾಲದಲ್ಲಿ ಪಿಂಕ್ ಫ್ಲಾಯ್ಡ್‌ನ ಮುಖವಾಗಿದ್ದವನ ಮುಖ ಪಿಂಕ್ ಫ್ಲಾಯ್ಡ್‌ನವರಿಗೇ ಗುರುತು ಸಿಗಲಿಲ್ಲ. ಇದನ್ನು ಓದಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ...

ಈ ಆಲ್ಬಂಗೆ ಸ್ಟಾರ್ಮ್ ಮಾಡಿದ್ದು ಅತಿರೇಕದ ಕೆಲಸ. ಕವರನ್ನೇ ಕಪ್ಪು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಮರೆಮಾಡಿದ! ಮೇಲೆ ಒಂದು ಸ್ಟಿಕ್ಕರ್, ಅದರಲ್ಲಿ ಜಾರ್ಜ್ ಹಾರ್ಡಿ ಬರೆದ ಎರಡು ಯಂತ್ರದ ಕೈಗಳು ಕೈಕುಲುಕುತ್ತಿವೆ. ಪ್ಲಾಸ್ಟಿಕ್ ಹರಿದರೆ ಒಳಗೆ ಸೂಟು ಹಾಕಿದ ಇಬ್ಬರು ಕೈಕುಲುಕುತ್ತಿದ್ದಾರೆ, ಅವರಲ್ಲಿ ಒಬ್ಬನ ಮೈಗೆ ಬೆಂಕಿ ಹತ್ತಿದೆ. ಸುಟ್ಟುಕೊಳ್ಳುವ ಭಯದಿಂದ ಮನಸ್ಸನ್ನು ಮುಚ್ಚಿಟ್ಟುಕೊಳ್ಳುವವರು, ವ್ಯಾಪಾರದಲ್ಲಿ ಸುಟ್ಟುಹೋದವರು, ಎರಡಕ್ಕೂ ಒಂದೇ ಚಿತ್ರ.

ಆ ಬೆಂಕಿ ನಿಜವಾದ ಬೆಂಕಿ. ಕ್ಯಾಲಿಫೋರ್ನಿಯಾದ ಬರ್ಬ್ಯಾಂಕ್‌ನಲ್ಲಿ ವಾರ್ನರ್ ಬ್ರದರ್ಸ್ ಸ್ಟುಡಿಯೋದ ಅಂಗಳ, ಕ್ಯಾಮೆರಾ ಹಿಡಿದವನು ಪೋ. ರಾನಿ ರಾಂಡೆಲ್ ಎಂಬ ಸ್ಟಂಟ್ ಕಲಾವಿದ ಸೂಟಿನ ಒಳಗೆ ಬೆಂಕಿ ತಡೆಯುವ ಉಡುಪು ಹಾಕಿಕೊಂಡು ನಿಂತ, ಎದುರಿಗೆ ಡ್ಯಾನಿ ರಾಜರ್ಸ್. ಹದಿನೈದು ಸಲ ಬೆಂಕಿ ಹಚ್ಚಿದರು. ಒಮ್ಮೆ ಗಾಳಿ ತಿರುಗಿ ಜ್ವಾಲೆ ಮುಖಕ್ಕೇ ಬಡಿದು ಮೀಸೆ ಸುಟ್ಟಿತು. ಗಾಳಿಯ ದಿಕ್ಕು ನೋಡಿಕೊಂಡು ಎಡಗೈಯಲ್ಲಿ ಕೈಕುಲುಕಿಸಿ, ಪ್ರಿಂಟ್ ಮಾಡುವಾಗ ಫೋಟೋವನ್ನು ಎಡಬಲ ತಿರುಗಿಸಿದರು. ಒಳಗಿನ ಇನ್ನೊಂದು ಚಿತ್ರದಲ್ಲಿ ಮೋನೋ ಸರೋವರಕ್ಕೆ ಒಬ್ಬ ತಲೆಕೆಳಗಾಗಿ ಧುಮುಕಿದ್ದಾನೆ, ಆದರೆ ನೀರು ಚಿಮ್ಮಿಲ್ಲ, ಒಂದು ಅಲೆಯೂ ಇಲ್ಲ. ಅವನು ಧುಮುಕಿಯೇ ಇಲ್ಲ! ನೀರಿನೊಳಗೆ ತಲೆಕೆಳಗಾಗಿ ನಿಂತು, ಅಲೆಗಳು ಅಡಗುವ ತನಕ ಉಸಿರು ಬಿಗಿಹಿಡಿದಿದ್ದ. ಮುಖ ಇಲ್ಲದ ಜಾಗದಲ್ಲಿ ಇಂಥ ನಿಜವಾದ ಘಟನೆಯೊಂದನ್ನು ತಂದಿಡುವುದು ಹಿಪ್ನೋಸಿಸ್‌ನ ಪದ್ಧತಿಯಾಯಿತು. ಎಷ್ಟು ಕಳೆದರೋ ಅಷ್ಟು ಬೆವರನ್ನು ಅಲ್ಲಿ ತುಂಬಿಸಿದರು.

ಆದರೆ ಪದ್ಧತಿ ಯಾವಾಗಲೂ ಮಾತು ಕೇಳುವುದಿಲ್ಲ. 1977ರ ಜನವರಿಯಲ್ಲಿ ಬಂದ 'ಅನಿಮಲ್ಸ್'ನ ಕವರ್ ವಾಟರ್ಸ್‌ನ ಕಲ್ಪನೆ. ಲಂಡನ್ನಿನ ಬ್ಯಾಟರ್‌ಸೀ ವಿದ್ಯುತ್ ಸ್ಥಾವರದ ನಾಲ್ಕು ಚಿಮಣಿಗಳ ನಡುವೆ ಹಾರುವ ಒಂದು ಹಂದಿ. ಸುಮಾರು 12 ಮೀಟರ್ ಉದ್ದದ ಗಾಳಿ ತುಂಬಿದ ಹಂದಿಯನ್ನು ಮಾಡಿಸಿ 1976ರ ಡಿಸೆಂಬರ್‌ನಲ್ಲಿ ಹಾರಿಸಲು ಹೋದರು. ಮೊದಲ ದಿನ ಹಂದಿ ಮೇಲೇಳಲಿಲ್ಲ. ಹಗ್ಗ ಕಿತ್ತರೆ ಹೊಡೆದುರುಳಿಸಲು ಒಬ್ಬ ಬಂದೂಕುಗಾರನನ್ನೂ ಆ ದಿನ ಕರೆಸಿದ್ದರು. ಎರಡನೇ ದಿನ ಅವನನ್ನು ಕರೆಯಲು ಮರೆತರು, ಹಂದಿ ಅವತ್ತೇ ಹಗ್ಗ ಕಿತ್ತುಕೊಂಡಿತು! ಹೀಥ್ರೂ ವಿಮಾನಗಳ ದಾರಿಯಲ್ಲಿ ತೇಲುತ್ತಾ ಹೋಗಿ ಕೊನೆಗೆ ಕೆಂಟ್ ಪ್ರಾಂತದ ಒಂದು ಹೊಲದಲ್ಲಿ ಇಳಿಯಿತು. ಆಮೇಲೆ ಹಂದಿ ಸಿಕ್ಕಿತು, ಫೋಟೋವೂ ಸಿಕ್ಕಿತು, ಆದರೆ ಮೊದಲ ದಿನದ ಮೋಡಗಳ ಸೊಗಸು ಇರಲಿಲ್ಲ. ಕೊನೆಗೆ ಒಂದು ದಿನದ ಆಕಾಶಕ್ಕೆ ಇನ್ನೊಂದು ದಿನದ ಹಂದಿಯನ್ನು ಕತ್ತರಿಸಿ ಅಂಟಿಸಿದರು. ಎಲ್ಲವೂ ನೂರಕ್ಕೆ ನೂರು ನಿಜ ಅಂತ ನಾವೂ ಹೇಳಬಾರದು.

ಈ ಕವರಿನ ಶ್ರೇಯಸ್ಸು ಯಾರದ್ದು? ಕವರಿನ ಮೇಲೆ ವಿನ್ಯಾಸ ವಾಟರ್ಸ್, ವ್ಯವಸ್ಥೆ ಸ್ಟಾರ್ಮ್ ಮತ್ತು ಪೋ ಎಂದೇ ಅಚ್ಚಾಗಿತ್ತು. 1978ರಲ್ಲಿ ಹಿಪ್ನೋಸಿಸ್ ತನ್ನ ಕೆಲಸಗಳ ಪುಸ್ತಕ ತಂದಾಗ ಇದನ್ನೂ ಸೇರಿಸಿಕೊಂಡಿತು. ವಾಟರ್ಸ್‌ಗೆ ಸಿಟ್ಟು ಬಂತು, ಹಳೆಯ ಸ್ನೇಹ ಕೆಟ್ಟಿತು. 1979ರ 'ದ ವಾಲ್'ಗೆ ಸ್ಟಾರ್ಮ್‌ನನ್ನು ಕರೆಯಲೇ ಇಲ್ಲ, ವ್ಯಂಗ್ಯಚಿತ್ರಕಾರ ಜೆರಾಲ್ಡ್ ಸ್ಕಾರ್ಫ್ ಬಂದ. ಕವರ್ ಬರೀ ಬಿಳಿ ಇಟ್ಟಿಗೆಯ ಗೋಡೆ, ಹೆಸರು ಬೇರೆ ಸ್ಟಿಕ್ಕರಿನಲ್ಲಿ. 1977ರ ಜುಲೈನಲ್ಲಿ ಮಾಂಟ್ರಿಯಲ್‌ನ ಸ್ಟೇಡಿಯಂನಲ್ಲಿ ಗಲಾಟೆ ಮಾಡುತ್ತಿದ್ದ ಒಬ್ಬ ಅಭಿಮಾನಿಯ ಮೇಲೆ ವಾಟರ್ಸ್ ಉಗುಳಿದ್ದ. ನಮಗೂ ಕೇಳುಗರಿಗೂ ನಡುವೆ ಗೋಡೆ ಎದ್ದಿದೆ ಅನ್ನುವ ಯೋಚನೆ ಅಲ್ಲಿಂದ ಬಂತು. ಮುಖ ಮುಚ್ಚಿಕೊಳ್ಳುತ್ತಾ ಬಂದವರಿಗೆ ಕೊನೆಗೆ ಸಿಕ್ಕಿದ್ದು ಗೋಡೆಯೇ ಅನ್ನಬಹುದು. 1980-81ರ 'ದ ವಾಲ್' ಪ್ರದರ್ಶನಗಳ ಮೊದಲ ಹಾಡಿಗೆ ವೇದಿಕೆಗೆ ಬರುತ್ತಿದ್ದವರು ಪಿಂಕ್ ಫ್ಲಾಯ್ಡ್ ಅಲ್ಲ, ಅವರ ಮುಖವಾಡ ಹಾಕಿಕೊಂಡ ಬೇರೆ ವಾದ್ಯಗಾರರು!

ಈಗ ಕೋರ್ಟಿನ ವಿಷಯ. ಸಾಹಿತ್ಯ, ಕಲ್ಪನೆ ಎಲ್ಲವೂ ನನ್ನದೇ ಅಂತ ವಾಟರ್ಸ್ 1985ರಲ್ಲಿ ಬ್ಯಾಂಡ್ ಬಿಟ್ಟ. ನಾನಿಲ್ಲದೆ ಪಿಂಕ್ ಫ್ಲಾಯ್ಡ್ ಎಲ್ಲಿ ಬಂತು, ಆ ಹೆಸರನ್ನು ಮುಂದೆ ಬಳಸಕೂಡದು ಅಂತ 1986ರಲ್ಲಿ ಕೋರ್ಟಿಗೆ ಹೋದ. ಗಿಲ್ಮೋರ್ ಮತ್ತು ಮೇಸನ್ ಬಿಡಲಿಲ್ಲ. 1987ರ ಸೆಪ್ಟೆಂಬರ್‌ನಲ್ಲಿ 'ಎ ಮೊಮೆಂಟರಿ ಲ್ಯಾಪ್ಸ್ ಆಫ್ ರೀಸನ್' ತಂದರು. ಅದಕ್ಕೆ ಕವರ್ ಮಾಡಲು ಕರೆದದ್ದು ಯಾರನ್ನು? ಸ್ಟಾರ್ಮ್‌ನನ್ನು! ವಾಟರ್ಸ್ ಇಲ್ಲದಿದ್ದರೂ ನೋಡಿದವರು ಇದು ಪಿಂಕ್ ಫ್ಲಾಯ್ಡ್ ಅನ್ನಬೇಕಿತ್ತು, ಅದನ್ನು ಮಾಡಬಲ್ಲವನು ಅವನೇ. ಡೆವನ್ ಪ್ರಾಂತದ ಸೌಂಟನ್ ಸ್ಯಾಂಡ್ಸ್ ಎಂಬ ಸಮುದ್ರ ತೀರಕ್ಕೆ ಸುಮಾರು 700 ಕಬ್ಬಿಣದ ಆಸ್ಪತ್ರೆ ಮಂಚಗಳನ್ನು ಲಾರಿಗಳಲ್ಲಿ ಸಾಗಿಸಿ, ಹಾಸಿಗೆ ಹಾಸಿ ಸಾಲಾಗಿ ಜೋಡಿಸಿದರು. ಮಳೆ ಬಂತು. ಎಲ್ಲವನ್ನೂ ಕಟ್ಟಿಕೊಂಡು ಹೋಗಿ, ಎರಡು ವಾರ ಬಿಟ್ಟು ಬಂದು ಮತ್ತೆ ಜೋಡಿಸಿದರು.

ಆದರೆ ಆ ಕವರಿನ ಒಳಗೆ ಇನ್ನೊಂದು ಚಿತ್ರ ಇದೆ. ಡೇವಿಡ್ ಬೈಲಿ ತೆಗೆದ ಗಿಲ್ಮೋರ್ ಮತ್ತು ಮೇಸನ್‌ರ ಫೋಟೋ. 'ಮೆಡಲ್' ನಂತರ, 16 ವರ್ಷದ ಮೇಲೆ, ಮೊದಲ ಸಲ! ಅಲ್ಲಿಯ ತನಕ ನಾವು ಯಾರು ಅಂತ ಹೇಳುವ ಅಗತ್ಯ ಅವರಿಗೆ ಇರಲಿಲ್ಲ. ಈಗ ಅದನ್ನೇ ಒಬ್ಬ ಪ್ರಶ್ನಿಸಿದ್ದ, ಹಾಗಾಗಿ ಮುಖ ತೋರಿಸಬೇಕಾಯಿತು. ಹೊರಗೆ ಮಂಚ, ಒಳಗೆ ಮುಖ.

ಗೆದ್ದದ್ದು ಯಾರು? ಅದೇ ವರ್ಷ ವಾಟರ್ಸ್‌ನೂ ತನ್ನ ಆಲ್ಬಂ ತಂದು ಅಮೆರಿಕದಲ್ಲಿ ಪ್ರವಾಸ ಮಾಡಿದ. 'ಡಾರ್ಕ್ ಸೈಡ್'ನ ಹಾಡುಗಳನ್ನು ಬರೆದವನು ಚಿಕ್ಕ ಸಭಾಂಗಣಗಳಲ್ಲಿ ಹಾಡುತ್ತಿದ್ದರೆ, ಅವನಿಲ್ಲದ ಪಿಂಕ್ ಫ್ಲಾಯ್ಡ್ ಸ್ಟೇಡಿಯಂಗಳನ್ನು ತುಂಬಿಸುತ್ತಿತ್ತು. 1987ರ ಡಿಸೆಂಬರ್‌ನಲ್ಲಿ ರಾಜಿಯಾಯಿತು, ಹೆಸರು ಗಿಲ್ಮೋರ್ ಕಡೆಗೇ ಉಳಿಯಿತು. ನನ್ನ ಅಭಿಪ್ರಾಯದಲ್ಲಿ ಆ ತೀರ್ಮಾನ ಕೋರ್ಟಿಗೂ ಮೊದಲೇ, ಆ ಕವರುಗಳ ಮೇಲೆಯೇ ಆಗಿಹೋಗಿತ್ತು. ಹಸು, ಪ್ರಿಸಮ್, ಉರಿಯುವ ಮನುಷ್ಯ ಇವೇ ಪಿಂಕ್ ಫ್ಲಾಯ್ಡ್ ಅಂತ ಜನರಿಗೆ ಇಪ್ಪತ್ತು ವರ್ಷ ಕಲಿಸಿದ್ದರು. ಕಲಿಸಿದವರಲ್ಲಿ ವಾಟರ್ಸ್‌ನೂ ಒಬ್ಬ. ವಿನಯಕ್ಕೋ, ಸಂಕೋಚಕ್ಕೋ, ಸೊಕ್ಕಿಗೋ ಮುಖ ಮುಚ್ಚಿಕೊಂಡವನಿಗೆ ಆಮೇಲೆ "ಅದು ನಾನೇ" ಅಂತ ಹೇಳಿಕೊಳ್ಳಲು ಸಾಕ್ಷಿಯೇ ಇರಲಿಲ್ಲ. ಕೋಡ್ ಬರೆದು ತನ್ನ ಹೆಸರು ಎಲ್ಲೂ ಕಾಣದ ಪ್ರಾಡಕ್ಟ್ ಬಿಡುಗಡೆ ಮಾಡುವ ನಮ್ಮ ಕಸುಬಿನವರಿಗೆ ಇದು ಚೆನ್ನಾಗಿ ಅರ್ಥವಾಗುವ ಸಂಗತಿ. ಹೆಸರು ಯಾರ ಕೈಯಲ್ಲಿದೆಯೋ ಕೆಲಸ ಅವರದೇ ಆಗಿಬಿಡುತ್ತದೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಹಿಪ್ನೋಸಿಸ್ 1983ರಲ್ಲೇ ಮುಚ್ಚಿತ್ತು. ಸಿ.ಡಿ. ಬಂದು 31 ಸೆಂಟಿಮೀಟರ್ ಚೌಕ 12 ಸೆಂಟಿಮೀಟರ್‌ಗೆ ಇಳಿದಿತ್ತು, ಲೆಕ್ಕ ಹಾಕಿದರೆ ಜಾಗ ಆರು ಪಟ್ಟಿಗೂ ಹೆಚ್ಚು ಕಡಿಮೆಯಾಯಿತು. ಸ್ಟಾರ್ಮ್ ಮಾತ್ರ ತನ್ನ ಹಟ ಬಿಡಲಿಲ್ಲ. 1994ರ 'ದ ಡಿವಿಷನ್ ಬೆಲ್'ಗೆ ಕೇಂಬ್ರಿಡ್ಜ್ ಹತ್ತಿರದ ಈಲಿ ಊರಿನ ಹೊಲದಲ್ಲಿ ಸುಮಾರು 3 ಮೀಟರ್ ಎತ್ತರದ ಎರಡು ಲೋಹದ ತಲೆಗಳನ್ನು ಎದುರುಬದುರು ನಿಲ್ಲಿಸಿದ. ಫೋಟೋಶಾಪ್ ಬಂದು ನಾಲ್ಕು ವರ್ಷವಾಗಿತ್ತು, ಆದರೂ ಅವನು ಲೋಹವನ್ನೇ ಕಡಿಸಿದ. ಒಂದು ಕ್ಷಣ ನೋಡಿದರೆ ಎರಡು ಮುಖ ಮಾತಾಡುತ್ತಿವೆ, ಇನ್ನೊಂದು ಕ್ಷಣಕ್ಕೆ ಎರಡೂ ಸೇರಿ ನಮ್ಮನ್ನೇ ನೋಡುವ ಮೂರನೇ ಮುಖ. ಕೊನೆಗೂ ಕವರಿನ ಮೇಲೆ ಮುಖ ಬಂತು, ಆದರೆ ಅದು ಯಾರದ್ದೂ ಅಲ್ಲ! 1995ರ 'ಪಲ್ಸ್' ಸಿ.ಡಿ. ಡಬ್ಬಿಗೆ ಪುಟ್ಟ ಬ್ಯಾಟರಿ ಇಟ್ಟು ನಾಡಿಯ ಹಾಗೆ ಮಿನುಗುವ ಕೆಂಪು ಎಲ್.ಇ.ಡಿ. ಸಿಕ್ಕಿಸಿದ.

ಸಿಡ್ 2006ರಲ್ಲಿ, ರೈಟ್ 2008ರಲ್ಲಿ, ಸ್ಟಾರ್ಮ್ 2013ರಲ್ಲಿ ತೀರಿಕೊಂಡರು. 2014ರ 'ದಿ ಎಂಡ್‌ಲೆಸ್ ರಿವರ್'ಗೆ ಪೋ ಆರಿಸಿದ್ದು ಅಹ್ಮದ್ ಇಮಾದ್ ಎಲ್ದಿನ್ ಎಂಬ 18 ವರ್ಷದ ಈಜಿಪ್ಟ್ ಹುಡುಗ ಕಂಪ್ಯೂಟರಿನಲ್ಲಿ ಮಾಡಿದ ಚಿತ್ರವನ್ನು. ಮೋಡಗಳ ಮೇಲೆ ಒಬ್ಬ ದೋಣಿ ನಡೆಸುತ್ತಾ ಹೋಗುತ್ತಿದ್ದಾನೆ, ನಮಗೆ ಬೆನ್ನು ಮಾತ್ರ ಕಾಣುತ್ತದೆ. ಮೋಡ ನಿಜವಲ್ಲ, ದೋಣಿ ನಿಜವಲ್ಲ, ಯಾರ ಮೀಸೆಯೂ ಸುಡಲಿಲ್ಲ. ಆದರೂ ನೋಡಿದ ತಕ್ಷಣ ಇದು ಪಿಂಕ್ ಫ್ಲಾಯ್ಡ್ ಅನ್ನಿಸುತ್ತದೆ. ಸ್ಟಾರ್ಮ್ ಬ್ಯಾಂಡಿನವರಿಗೆ ಏನು ಮಾಡಿದನೋ ಕೊನೆಗೆ ಅವನಿಗೂ ಅದೇ ಆಯಿತು. ಅವನಿಲ್ಲದೆಯೂ ಅವನ ಶೈಲಿ ನಡೆಯಿತು.

ಇವತ್ತು ಒಂದು ವಾಕ್ಯ ಟೈಪ್ ಮಾಡಿದರೆ ಸಮುದ್ರ ತೀರದಲ್ಲಿ ಏಳು ಸಾವಿರ ಮಂಚಗಳ ಚಿತ್ರವನ್ನೂ ಕಂಪ್ಯೂಟರ್ ಅರೆ ನಿಮಿಷದಲ್ಲಿ ಕೊಡುತ್ತದೆ. ಹಾಗಿದ್ದರೆ ಆ 700 ಮಂಚಗಳನ್ನು ಎರಡೆರಡು ಸಲ ಹೊತ್ತದ್ದು ವ್ಯರ್ಥವೇ? ನನಗೆ ಹಾಗೆ ಅನ್ನಿಸುವುದಿಲ್ಲ. ಅದನ್ನು ನೋಡುವಾಗ ಇದನ್ನು ಯಾರೋ ನಿಜಕ್ಕೂ ಹೊತ್ತು ತಂದಿಟ್ಟಿದ್ದಾರೆ, ಮರಳಿನ ಮೇಲೆ ಹಾಸಿಗೆ ಹಾಸಿದ್ದಾರೆ ಅನ್ನುವುದು ಗೊತ್ತಿದ್ದರೆ ನೋಡುವ ರೀತಿಯೇ ಬೇರೆಯಾಗುತ್ತದೆ. ಮುಖ ತೋರಿಸದವರು ಕೈ ತೋರಿಸಿದ್ದಾರೆ ಅನ್ನಿಸುತ್ತದೆ. ಒಂದು ಭಾನುವಾರ ಮೊಬೈಲಿನ ಪುಟ್ಟ ಚೌಕದಲ್ಲಿ ಅಲ್ಲ, ದೊಡ್ಡ ಪರದೆಯ ಮೇಲೆ ಈ ಕವರುಗಳನ್ನು ವರ್ಷದ ಪ್ರಕಾರ ಸಾಲಾಗಿ ಇಟ್ಟು ನೋಡಿ. ಹಿನ್ನೆಲೆಯಲ್ಲಿ ಹಾಡು ಹಾಕಿಕೊಳ್ಳುವುದನ್ನು ಮರೆಯಬೇಡಿ :)